ಹಳೆಯದನ್ನು ಕಳಚುವ ಮುನ್ನ

2014ರ ಸೆಪ್ಟೆಂಬರ್ ತಿಂಗಳು. ಶಿರಸಿಯ ಮಳೆ ಇನ್ನೂ ಪೂರ್ತಿ ಹಿಂದೆಗೆದಿರಲಿಲ್ಲ. ನಮ್ಮ ಮಹಿಳಾ ಉಳಿತಾಯ ಸಂಘದ ಬಾಗಿಲಲ್ಲಿ ಕೊಡೆ ಮಡಚುತ್ತ ನಿಂತ ಹುಡುಗಿಗೆ ಇಪ್ಪತ್ತೋ ಇಪ್ಪತ್ತೆರಡೋ ಇದ್ದೀತು. ಪ್ಲಾಸ್ಟಿಕ್ ಚೀಲದೊಳಗಿಂದ ಒಂದು ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು.

“ಅಮ್ಮ ಹೋಗಿ ಮೂರು ತಿಂಗಳಾಯ್ತು ಅಕ್ಕಾ. ಇದರಲ್ಲಿ ಎಷ್ಟಿದೆ ನೋಡಿ ಹೇಳಿ.”

ನಮ್ಮ ಕ್ಲಾರ್ಕ್ ಕಂಪ್ಯೂಟರಿಗೆ ಸದಸ್ಯತ್ವದ ಸಂಖ್ಯೆ ಕೊಟ್ಟಳು. ಇಲ್ಲ ಎಂದಿತು. ಹೆಸರು ಕೊಟ್ಟಳು. ಇಲ್ಲ. ಊರಿನ ಹೆಸರು ಕೊಟ್ಟು ಹುಡುಕಿದಳು, ಆಗಲೂ ಇಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಡಿಕೆ ಸುಲಿದ ಕೂಲಿಯಲ್ಲಿ ತಿಂಗಳು ತಿಂಗಳು ಹಣ ಉಳಿಸಿ ತಂದು ಕಟ್ಟಿದ ಹೆಂಗಸು ನಮ್ಮಲ್ಲಿ ಎಂದೂ ಇರಲೇ ಇಲ್ಲ ಎಂಬಂತೆ ಆ ಪೆಟ್ಟಿಗೆ ಕುಳಿತಿತ್ತು. ಹುಡುಗಿ ಒಮ್ಮೆ ಪಾಸ್‌ಬುಕ್ ನೋಡಿದಳು, ಒಮ್ಮೆ ನಮ್ಮ ಮುಖ ನೋಡಿದಳು. ಆ ನೋಟ ನನಗಿನ್ನೂ ನೆನಪಿದೆ. ಬಡವರು ದೊಡ್ಡ ಮೇಜುಗಳ ಮುಂದೆ ನಿಂತಾಗ ಹಾಗೆ ನೋಡುತ್ತಾರೆ.

ತಪ್ಪು ಕಂಡುಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜುಲೈ ತಿಂಗಳ ಸಭೆಯಲ್ಲಿ, ತೀರಿಕೊಂಡ ಸದಸ್ಯೆಯರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ತೀರ್ಮಾನವಾಗಿತ್ತು. ಕ್ಲಾರ್ಕ್ ಆ ಹೆಸರನ್ನು ಅಳಿಸಿದ್ದಳು. ಹೆಸರಿನ ಜತೆಗೆ ಅದಕ್ಕೆ ಹೊಂದಿಕೊಂಡ ಠೇವಣಿ, ಬಡ್ಡಿ, ಕಟ್ಟಿದ ಕಂತು, ಎಲ್ಲವೂ ಅಳಿಸಿಹೋಗಿದ್ದವು. ಅಳಿಸುವ ಮೊದಲು ಕಂಪ್ಯೂಟರ್ ಒಂದು ಉದ್ದನೆಯ ಪಟ್ಟಿ ತೋರಿಸಿ “ಖಚಿತವೇ?” ಎಂದು ಕೇಳಿತ್ತಂತೆ. ಸಭೆಯ ತೀರ್ಮಾನವೇ ಇದೆಯಲ್ಲ ಎಂದು ಅವಳು ಹೌದು ಒತ್ತಿದ್ದಳು. ಅವಳದ್ದೇನು ತಪ್ಪು? ಆ ಪ್ರೋಗ್ರಾಮ್ ಬರೆದವಳು ನಾನು. ಸದಸ್ಯೆ ಹೋದರೆ ಆಕೆಯ ಲೆಕ್ಕ ಏನಾಗಬೇಕು ಎಂದು ಬರೆಯುವಾಗ ನಾನು ಯೋಚಿಸಿಯೇ ಇರಲಿಲ್ಲ. ನಾನು ಏನೂ ಹೇಳದೆ ಬಿಟ್ಟಿದ್ದರಿಂದ, ಕಂಪ್ಯೂಟರ್ ತನಗೆ ತಿಳಿದ ವಾಡಿಕೆಯಂತೆ ನಡೆದುಕೊಂಡಿತ್ತು. ತಾಯಿಬೇರು ಕಿತ್ತಾಗ ಬಿಳಲೂ ಬಂದಿತ್ತು.

ಪುಣ್ಯಕ್ಕೆ ನಮ್ಮ ಕಾರ್ಯದರ್ಶಿ ಹಳೆಯ ಕಾಲದವರು. ಕಂಪ್ಯೂಟರ್ ಬಂದ ಮೇಲೂ ಕೆಂಪು ಬಟ್ಟೆಯ ಲೆಡ್ಜರ್ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಎರಡು ದಿನ ಕೂತು ಒಂದೊಂದೇ ಸಾಲನ್ನು ಮತ್ತೆ ತುಂಬಿದೆವು. ಹದಿನೆಂಟು ಸಾವಿರದ ನಾಲ್ಕುನೂರ ಅರವತ್ತು ರೂಪಾಯಿ. ಹುಡುಗಿಗೆ ಹಣ ಸಿಕ್ಕಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನ ಪಾಡು ಹಾಗಾಯಿತು.

ಈ ಕತೆ ಅಲ್ಲಿಗೆ ಮುಗಿದಿದ್ದರೆ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಮೂರು ವರ್ಷದ ಮೇಲೆ, ನಾನು ಕೇಳಿಕೊಳ್ಳದೆ ಬಿಟ್ಟ ಅದೇ ಪ್ರಶ್ನೆಯನ್ನು ದೂರದೇಶದವರು ಯಾರೋ ನನಗೆ ಕೇಳಿಯೇ ಕೇಳಿದರು. ಉತ್ತರಿಸದೆ ಮುಂದೆ ಹೋಗುವ ಹಾಗಿಲ್ಲ ಎಂದರು. ಅವರು ಆ ಪ್ರಶ್ನೆಗೆ ಬಂದು ಮುಟ್ಟಿದ ದಾರಿ ಯಾವುದು, ಅದಕ್ಕೆ ಅವರು ಎಷ್ಟು ವರ್ಷ ತೆಗೆದುಕೊಂಡರು ಎಂಬುದೇ ನಾನು ಹೇಳಹೊರಟ ಚರಿತ್ರೆ.

ಮದುವೆಗೆ ಮುಂಚೆ ನಾನು ಬೆಂಗಳೂರಿನಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸದಲ್ಲಿದ್ದೆ. ಮಕ್ಕಳಾದ ಮೇಲೆ ಬಿಟ್ಟು ಊರಿಗೆ ಬಂದೆ. 2012ರಲ್ಲಿ ಸಂಘದವರು ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಕೊಡಿ ಎಂದು ಕೇಳಿದಾಗ, ತುಕ್ಕು ಹಿಡಿದ ಕೈಗೆ ಸುಲಭವಾಗಿ ಒದಗಿದ್ದು ಜಾಂಗೋ. ಅದು ಜಾಲತಾಣಗಳನ್ನು ಕಟ್ಟುವವರಿಗೆ ಸಿಗುವ ಒಂದು ಸಿದ್ಧ ಚೌಕಟ್ಟು, ಫ್ರೇಮ್‌ವರ್ಕ್ ಎನ್ನುತ್ತಾರೆ. ದಿನವೂ ಸಾರು ಮಾಡುವಾಗ ಕೊತ್ತಂಬರಿ, ಮೆಂತ್ಯ, ಮೆಣಸು ಹುರಿದು ಕುಟ್ಟುತ್ತ ಕೂರುವುದಿಲ್ಲವಷ್ಟೆ? ಸಾರಿನ ಪುಡಿ ಡಬ್ಬಿಯಲ್ಲಿ ಸಿದ್ಧವಿರುತ್ತದೆ. ಹಾಗೆಯೇ ಯಾವ ಜಾಲತಾಣಕ್ಕಾದರೂ ಬೇಕಾಗುವ ಕೆಲಸಗಳು ಕೆಲವಿವೆ: ಬಂದವರ ಗುರುತು ನೋಡುವುದು, ಅವರು ತುಂಬಿದ್ದನ್ನು ಸರಿಯಾಗಿ ಇಟ್ಟುಕೊಳ್ಳುವುದು, ಕೇಳಿದಾಗ ಹುಡುಕಿ ತೋರಿಸುವುದು. ಅವನ್ನೆಲ್ಲ ಯಾರೋ ಒಮ್ಮೆ ಚೆನ್ನಾಗಿ ಬರೆದಿಟ್ಟಿದ್ದಾರೆ. ಅದಕ್ಕೆ ಬೆಲೆಯಿಲ್ಲ, ಬೀಗವೂ ಇಲ್ಲ. ಯಾರು ಬೇಕಾದರೂ ಒಳಗೆ ಏನಿದೆ ಎಂದು ಓದಬಹುದು, ಬಳಸಬಹುದು, ತಿದ್ದಿ ಹಿಂತಿರುಗಿಸಬಹುದು. ಓಪನ್ ಸೋರ್ಸ್ ಎಂದರೆ ಇಷ್ಟೆ. ಅದರೊಡನೆ ಬರುವ ಭಾಷೆಗಳಲ್ಲಿ ಕನ್ನಡವೂ ಇದೆ.

ಅದು ಹುಟ್ಟಿದ್ದು ಒಂದು ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಲಾರೆನ್ಸ್ ಎಂಬ ಊರಿದೆ, ವಿಶ್ವವಿದ್ಯಾಲಯವಿರುವ ಊರು. ಅಲ್ಲಿಯ ಸ್ಥಳೀಯ ಪತ್ರಿಕೆ ‘ಲಾರೆನ್ಸ್ ಜರ್ನಲ್-ವರ್ಲ್ಡ್’. 2003ರಲ್ಲಿ ಆ ಪತ್ರಿಕೆಯ ಜಾಲತಾಣ ನೋಡಿಕೊಳ್ಳುತ್ತಿದ್ದವರು ಏಡ್ರಿಯನ್ ಹೊಲೊವಾಟಿ. ಅವರ ಜತೆಗೆ ಇಂಗ್ಲೆಂಡಿನಿಂದ ಬಂದಿದ್ದ ಸೈಮನ್ ವಿಲಿಸನ್ ಎಂಬ ವಿದ್ಯಾರ್ಥಿ. ಪತ್ರಿಕೆಯವರ ಅವಸರ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಸುದ್ದಿ ಬಂದರೆ ಸಂಜೆಯೊಳಗೆ ಅದಕ್ಕೆ ತಕ್ಕ ಪುಟ ಆಗಬೇಕು. ಈ ಇಬ್ಬರು ಅದುವರೆಗೆ ಬಳಸುತ್ತಿದ್ದ ಪಿಎಚ್‌ಪಿ ಭಾಷೆಯನ್ನು ಬದಿಗಿಟ್ಟು ಪೈಥಾನ್ ಹಿಡಿದರು. ಮತ್ತೆ ಮತ್ತೆ ಬೇಕಾಗುವುದನ್ನೆಲ್ಲ ಒಂದೆಡೆ ಕೂಡಿಸುತ್ತ ಹೋದರು. ಹೀಗೆ ಕೂಡಿದ್ದು 2005ರ ಜುಲೈಯಲ್ಲಿ ಎಲ್ಲರಿಗೂ ಸಿಗುವಂತೆ ಹೊರಗೆ ಬಂತು. ಆ ಹೊತ್ತಿಗೆ ಜೇಕಬ್ ಕಪ್ಲನ್-ಮಾಸ್ ಕೂಡ ಅವರ ತಂಡದಲ್ಲಿದ್ದರು.

ಹೆಸರಿಟ್ಟದ್ದು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದು. 1910ರಲ್ಲಿ ಬೆಲ್ಜಿಯಮ್ಮಿನಲ್ಲಿ, ಊರೂರು ಅಲೆಯುವ ರೋಮಾ ಜನರ ಕುಟುಂಬದಲ್ಲಿ ಹುಟ್ಟಿದವನು. 1928ರಲ್ಲಿ ಅವರ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಬಾಗದಂತಾದವು. ಉಳಿದ ಬೆರಳುಗಳಲ್ಲೇ ನುಡಿಸುವ ಹೊಸ ರೀತಿಯನ್ನು ಕಲಿತು, ಯುರೋಪಿನ ಜಾಝ್ ಸಂಗೀತದಲ್ಲಿ ದೊಡ್ಡ ಹೆಸರಾದ. ಇದ್ದುದರಲ್ಲೇ ದಾರಿ ಮಾಡಿಕೊಂಡವನ ಹೆಸರು.

ಮೊದಲ ವರ್ಷವೇ ಅದನ್ನು ಕಟ್ಟಿದವರಿಗೆ ಒಂದು ಮಾತು ಮನಸ್ಸಿಗೆ ಬಂತು. ತಾವು ಅವಸರದಲ್ಲಿ ಕಟ್ಟಿದ್ದರಲ್ಲಿ ಚಮತ್ಕಾರ ಹೆಚ್ಚಾಯಿತು. ಬರೆದವರ ಕಣ್ಣಿಗೆ ಬೀಳದ ಹಾಗೆ ಒಳಗೊಳಗೇ ಹೆಸರುಗಳು ಹುಟ್ಟುತ್ತಿದ್ದವು, ವಸ್ತುಗಳು ಇಟ್ಟ ಜಾಗ ಬಿಟ್ಟು ಬೇರೆಲ್ಲೋ ಸಿಗುತ್ತಿದ್ದವು. ಕೆಲಸ ಸುಗಮವಾಗಿ ಆಗುತ್ತಿದ್ದಾಗ ಚೆನ್ನ, ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ತಿಳಿಯುತ್ತಿರಲಿಲ್ಲ. ಈ ಮಾಯೆಯನ್ನೆಲ್ಲ ತೆಗೆದುಹಾಕೋಣ ಎಂದು ಒಂದು ಪ್ರತ್ಯೇಕ ಪ್ರತಿಯಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿದರು. ಆ ಕೆಲಸಕ್ಕೆ ಅವರು ಇಟ್ಟ ಹೆಸರೇ ‘ಮಾಯೆ ತೆಗೆಯುವುದು’ ಎಂಬ ಅರ್ಥದ್ದು. 2006ರ ಮೇ ತಿಂಗಳಲ್ಲಿ ಅದನ್ನು ಮೂಲದೊಂದಿಗೆ ಸೇರಿಸಿದರು. ಜುಲೈಯಲ್ಲಿ 0.95 ಎಂಬ ಆವೃತ್ತಿಯಾಗಿ ಬಿಡುಗಡೆ ಮಾಡಿದರು. ಹಳೆಯದರ ಮೇಲೆ ಕಟ್ಟಿದವರು ಬಹಳಷ್ಟನ್ನು ಮತ್ತೆ ಬರೆಯಬೇಕಾಯಿತು. ಆದರೆ ಏನೇನು ಬದಲಾಯಿತು, ಹಳೆಯದರ ಬದಲು ಹೇಗೆ ಬರೆಯಬೇಕು ಎಂಬುದನ್ನು ಒಂದೊಂದಾಗಿ ಬರೆದಿಟ್ಟಿದ್ದರು. ಮನೆ ಚಿಕ್ಕದು, ಒಕ್ಕಲು ಕಡಿಮೆ, ಆ ಪೆಟ್ಟು ತಡೆದುಕೊಳ್ಳುವಂತಿತ್ತು.

ಒಂದು ಸಂಸಾರ ಬೆಳೆದ ಮೇಲೆ ಹಾಗೆ ಗೋಡೆ ಒಡೆಯಲಾಗುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ 1.0 ಬಂದಾಗ ಅವರು ಒಂದು ಮಾತು ಕೊಟ್ಟರು. ಇಂದು ನೀವು ಬರೆದದ್ದು ಮುಂದಿನ 1ರ ಸಾಲಿನ ಆವೃತ್ತಿಗಳಲ್ಲೂ ನಡೆಯುವಂತೆ ನೋಡಿಕೊಳ್ಳುತ್ತೇವೆ. ಸುರಕ್ಷತೆಯ ಪ್ರಶ್ನೆ ಬಂದಾಗ ಮಾತ್ರ ಮಾತು ಮೀರಬೇಕಾದೀತು. ಯಾವುದನ್ನಾದರೂ ತೆಗೆಯುವುದಾದರೆ ಮುಂಚಿತವಾಗಿ ಹೇಳಿ ತೆಗೆಯುತ್ತೇವೆ. ಅದೇ ವರ್ಷದ ಜೂನಿನಲ್ಲಿ ಜಾಂಗೋ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯೂ ಆಗಿತ್ತು. ಪತ್ರಿಕೆಯ ಮನೆಯಲ್ಲಿ ಹುಟ್ಟಿದ ಕೂಸು ಈಗ ಹತ್ತು ಸಮಸ್ತರದ್ದಾಯಿತು.

1.0ರಲ್ಲಿ ನಮಗೆ, ಕನ್ನಡದವರಿಗೆ, ಬೇಕಾದ ಇನ್ನೊಂದು ಕೆಲಸವೂ ಸೇರಿತ್ತು. ಇಂಗ್ಲಿಷಿನಲ್ಲದ ಅಕ್ಷರಗಳು ಬಂದರೆ ಹಳೆಯ ಪ್ರೋಗ್ರಾಮುಗಳು ಮುಗ್ಗರಿಸುತ್ತಿದ್ದವು. ಆಸ್ಟ್ರೇಲಿಯಾದ ಮ್ಯಾಲ್ಕಮ್ ಟ್ರೆಡಿನ್ನಿಕ್ ಮುಂದೆ ನಿಂತು, ಜಾಂಗೋ ಒಳಗೆಲ್ಲ ಯೂನಿಕೋಡ್ ಸಲೀಸಾಗಿ ಓಡಾಡುವಂತೆ ಮಾಡಿದರು. 2007ರಲ್ಲಿ ಆ ಕೆಲಸ ಮೂಲಕ್ಕೆ ಸೇರಿತು. 2013ರಲ್ಲಿ ಅವರು ತೀರಿಕೊಂಡರು. ನಮ್ಮ ಸಂಘದ ಹೆಂಗಸರ ಹೆಸರು, ಮನೆತನ, ಊರು ಎಲ್ಲವೂ ಒತ್ತು, ದೀರ್ಘಗಳ ಸಮೇತ ಕನ್ನಡದಲ್ಲೇ ಕುಳಿತಿರುವುದರ ಹಿಂದೆ ನಾನು ಕಾಣದ ಆ ಮನುಷ್ಯನ ಕೈಯೂ ಇದೆ ಎಂದು ಆಮೇಲೆ ತಿಳಿಯಿತು.

1.0 ಬಂದ ಮೇಲೆ 2.0 ಬರಬೇಕಲ್ಲ? ಅದನ್ನು ಹೇಗೆ ತರಬೇಕು ಎಂಬುದೇ ದೊಡ್ಡ ಯೋಚನೆಯಾಯಿತು. ಅದಕ್ಕೆ ಕಾರಣವಿತ್ತು. ದೊಡ್ಡ ಅಂಕಿ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಅವರ ಕಣ್ಣೆದುರೇ ನಿದರ್ಶನವಿತ್ತು.

ಜಾಂಗೋ ನಿಂತಿರುವುದು ಪೈಥಾನ್ ಭಾಷೆಯ ಮೇಲೆ. 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂತು. ಹಳೆಯ ತಪ್ಪುಗಳನ್ನೆಲ್ಲ ಒಮ್ಮೆಗೇ ತಿದ್ದಿದ ಆವೃತ್ತಿ. ತಿದ್ದುಪಡಿ ಒಳ್ಳೆಯದೇ, ಆದರೆ ಪೈಥಾನ್ 2ರಲ್ಲಿ ಬರೆದದ್ದು ಇಲ್ಲಿ ಹಾಗೆಯೇ ನಡೆಯುತ್ತಿರಲಿಲ್ಲ. ಜನ ವರ್ಷಗಟ್ಟಲೆ ಹಳೆಯ ಮನೆಯಲ್ಲೇ ಉಳಿದರು. ಹಳೆಯದಕ್ಕೆ 2015ರಲ್ಲಿ ಬಾಗಿಲು ಹಾಕುವುದೆಂದಿದ್ದವರು, 2014ರಲ್ಲಿ ಆ ಗಡುವನ್ನು 2020ಕ್ಕೆ ಮುಂದೂಡಿದರು. ಜಾಂಗೋ ಸ್ವತಃ ಅತ್ತಿತ್ತ ಎರಡರಲ್ಲೂ ನಡೆಯುವಂತೆ ಆಗಲು 2013ರವರೆಗೆ ಕಾಯಬೇಕಾಯಿತು.

ಇನ್ನೊಂದು ನಿದರ್ಶನ ಆಂಗ್ಯುಲರ್‌ನದು. ಗೂಗಲ್‌ನಲ್ಲಿ ಬೆಳೆದ, ಬಹಳ ಜನ ಬಳಸುತ್ತಿದ್ದ ಚೌಕಟ್ಟು ಅದು. 2014ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಸಮ್ಮೇಳನದಲ್ಲಿ ಅದರ ಎರಡನೆಯ ಆವೃತ್ತಿಯ ಯೋಜನೆ ವಿವರಿಸಿದರು. ಹಳೆಯದರಲ್ಲಿ ಬಳಸಿ ಅಭ್ಯಾಸವಾಗಿದ್ದ ಒಂದೊಂದು ಭಾಗದ ಹೆಸರನ್ನೂ ಗೋರಿಕಲ್ಲಿನ ಮೇಲೆ ಬರೆದ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ನಗೆಗಾಗಿಯೇ ಇರಬೇಕು. ಆದರೆ ಅದನ್ನು ನಂಬಿ ಕೆಲಸ ಕಟ್ಟಿಕೊಂಡವರಿಗೆ ನಗು ಬರಲಿಲ್ಲ. ಹಳೆಯದರಿಂದ ಹೊಸದಕ್ಕೆ ಹೋಗುವ ದಾರಿ ಯಾವುದು ಎಂದು ಅಂದು ಸ್ಪಷ್ಟವಾಗಿರಲಿಲ್ಲ. ದೊಡ್ಡ ಗದ್ದಲವಾಯಿತು. ಮುಂದೆ ಅವರೂ ಹಳೆಯದು ಹೊಸದು ಒಂದೇ ಸೂರಿನಡಿ ಸ್ವಲ್ಪ ಕಾಲ ಇರುವಂತೆ ಸೇತುವೆ ಕಟ್ಟಿಕೊಟ್ಟರು. 2016ರ ಸೆಪ್ಟೆಂಬರಿನಲ್ಲಿ ಆ ಆವೃತ್ತಿ ಬಂತು. ಹಳೆಯದನ್ನು 2021ರ ಕೊನೆಯವರೆಗೂ ನೋಡಿಕೊಂಡರು. ಅಂದಮೇಲೆ ಮಾಡಿದ ಕೆಲಸ ಕೆಟ್ಟದ್ದಲ್ಲ. ಹೇಳಿದ ಬಗೆ ಜನರ ಮನಸ್ಸನ್ನು ಮುರಿದಿತ್ತು.

ಇದನ್ನು ಓದಿದಾಗ ನನಗೆ ನನ್ನಜ್ಜಿ ನೆನಪಾದಳು. ಆಕೆ ಮಗಳ ಬಾಣಂತನಕ್ಕೆಂದು ಹೋಗಿ ಬರುವಷ್ಟರಲ್ಲಿ ಮನೆಯ ಗಂಡಸರು ಸೇರಿ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸಿದ್ದರು. ಎತ್ತರದ ಕಟ್ಟೆ, ಕರಿಕಲ್ಲು, ಹೊಗೆಯಿಲ್ಲ. ಎಲ್ಲವೂ ಚೆನ್ನ. ಆದರೆ ಅಜ್ಜಿಯ ಒಲೆಯೂ ಇಲ್ಲ, ಕೂತು ಹೆಚ್ಚುವ ಜಾಗವೂ ಇಲ್ಲ. ಆಕೆ ಯಾರನ್ನೂ ಬೈಯಲಿಲ್ಲ. “ಒಂದು ಮಾತು ಕೇಳಿದ್ದರೆ ಆಗ್ತಿತ್ತು” ಅಂದಳಷ್ಟೆ. ಸಾಯುವತನಕ ಆ ಅಡುಗೆಮನೆ ಅವಳಿಗೆ ಬೇರೆಯವರ ಮನೆಯಂತೆಯೇ ಇತ್ತು.

ಜಾಂಗೋದವರು ಬೇರೆ ದಾರಿ ಹಿಡಿದರು. 2015ರ ಜೂನಿನಲ್ಲಿ ಅವರು ಮುಂದಿನ ವರ್ಷಗಳ ಯೋಜನೆಯನ್ನು ಬಹಿರಂಗಪಡಿಸಿದರು. ಅದರ ತಿರುಳು ಇದು. 2.0 ಎಂಬುದು ಮಹಾಪ್ರಳಯವೂ ಅಲ್ಲ, ಮಹೋತ್ಸವವೂ ಅಲ್ಲ. ಸಾಲಿನಲ್ಲಿ ಬರುವ ಒಂದು ಅಂಕಿ. ಎಂಟೆಂಟು ತಿಂಗಳಿಗೆ ಒಂದು ಹೊಸ ಆವೃತ್ತಿ. ದೊಡ್ಡ ಅಂಕಿ ಡಿಸೆಂಬರಿನಲ್ಲಿ, ಅದರ ಮುಂದಿನದು ಮರುವರ್ಷದ ಆಗಸ್ಟಿನಲ್ಲಿ, ಮೂರನೆಯದು ಅದರ ಮುಂದಿನ ಏಪ್ರಿಲಿನಲ್ಲಿ. ಎರಡು ವರ್ಷಕ್ಕೆ ಒಂದು ಸುತ್ತು ಮುಗಿದು ಮತ್ತೆ ಡಿಸೆಂಬರ್. ಸುತ್ತಿನ ಕೊನೆಯ ಆವೃತ್ತಿಯನ್ನು ಮೂರು ವರ್ಷ ಕಾಪಾಡುವುದು. ಹೊಸದರ ಹಿಂದೆ ಓಡಲಾಗದವರು ಅದರ ಮೇಲೆ ಕೂತಿರಬಹುದು.

ನಮ್ಮ ಶಿರಸಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಎಂದು ಎಲ್ಲರಿಗೂ ಗೊತ್ತು. ಬಳೆಯಂಗಡಿಯವನಿಂದ ಹಿಡಿದು ಮನೆಗೆ ಸುಣ್ಣ ಹೊಡೆಸುವವರವರೆಗೆ, ನೆಂಟರನ್ನು ಕರೆಯುವವರವರೆಗೆ, ಎಲ್ಲರೂ ಅದಕ್ಕೆ ತಕ್ಕಂತೆ ತಮ್ಮ ತಮ್ಮ ಲೆಕ್ಕ ಹಾಕಿಕೊಳ್ಳುತ್ತಾರೆ. ಜಾತ್ರೆ ಎಷ್ಟು ಅದ್ದೂರಿ ಎನ್ನುವುದಕ್ಕಿಂತ, ಯಾವಾಗ ಎಂಬುದು ಮುಂಚೆಯೇ ತಿಳಿದಿರುವುದು ದೊಡ್ಡ ಅನುಕೂಲ.

ಯೋಜನೆಯ ಇನ್ನೊಂದು ಅರ್ಧ, ಹಳೆಯದನ್ನು ತೆಗೆಯುವ ಕ್ರಮ. ಯಾವುದನ್ನಾದರೂ ತೆಗೆಯಬೇಕೆಂದು ನಿರ್ಧರಿಸಿದರೆ ತಕ್ಷಣ ತೆಗೆಯುವಂತಿಲ್ಲ. ಅದು ಕಡಿಮೆಯೆಂದರೆ ಎರಡು ಆವೃತ್ತಿಗಳವರೆಗೆ ಎಂದಿನಂತೆ ನಡೆಯಬೇಕು. ಆದರೆ ಬಳಸಿದಾಗಲೆಲ್ಲ, ಇದು ಇಂಥ ಆವೃತ್ತಿಯಲ್ಲಿ ಇರುವುದಿಲ್ಲ, ಇದರ ಬದಲು ಹೀಗೆ ಬರೆಯಿರಿ ಎಂಬ ಎಚ್ಚರಿಕೆ ಹೇಳುತ್ತಿರಬೇಕು. ಹೀಗೆ ತೆಗೆಯಲು ಗೊತ್ತುಮಾಡಿದ್ದರಲ್ಲಿ ಒಂದು, ನಮ್ಮ ಸಂಘದ ಆ ಹೆಂಗಸಿನ ಲೆಕ್ಕವನ್ನು ನುಂಗಿದ ಅದೇ ವಾಡಿಕೆ.

ಒಂದು ಪಟ್ಟಿಯ ಸಾಲು ಇನ್ನೊಂದು ಪಟ್ಟಿಯ ಸಾಲಿಗೆ ಹೊಂದಿಕೊಂಡಿದ್ದಾಗ, ಮೂಲದ್ದು ಅಳಿದರೆ ಹೊಂದಿಕೊಂಡದ್ದು ಏನಾಗಬೇಕು? ಬರೆದವರು ಏನೂ ಹೇಳದಿದ್ದರೆ ಅದೂ ಅಳಿಯಲಿ ಎಂಬುದು ಜಾಂಗೋವಿನ ಹಳೆಯ ವಾಡಿಕೆ. 2011ರಲ್ಲಿ ಬಂದ 1.3ರಲ್ಲಿ ಬೇರೆ ಆಯ್ಕೆಗಳನ್ನು ಕೊಟ್ಟರು. ಅಳಿಸದಂತೆ ತಡೆ ಎನ್ನಬಹುದು. ಹೊಂದಿಕೆಯ ಜಾಗವನ್ನು ಖಾಲಿ ಬಿಡು ಎನ್ನಬಹುದು. ಜತೆಗೇ ಅಳಿಯಲಿ ಎಂದೂ ಹೇಳಬಹುದು. ಆದರೆ ಹೇಳಲೇಬೇಕು ಎಂದಿರಲಿಲ್ಲ. ನಾನು 2012ರಲ್ಲಿ ಬರೆದಾಗ ಈ ಆಯ್ಕೆಗಳು ಇದ್ದವು; ನಾನು ಆ ಪುಟವನ್ನು ದಾಟಿಕೊಂಡು ಹೋಗಿದ್ದೆ. 2015ರ ಡಿಸೆಂಬರಿನ 1.9ರಿಂದ, ಹೇಳದೆ ಬಿಟ್ಟರೆ ಎಚ್ಚರಿಕೆ ಬರತೊಡಗಿತು. 1.10ರಲ್ಲಿ, 1.11ರಲ್ಲಿ ಮತ್ತೆ ಎಚ್ಚರಿಕೆ. 2017ರ ಡಿಸೆಂಬರಿನ 2.0ರಲ್ಲಿ, ಉತ್ತರ ಹೇಳದಿದ್ದರೆ ಪ್ರೋಗ್ರಾಮು ಮುಂದಕ್ಕೆ ಹೆಜ್ಜೆ ಇಡದು ಎಂದಾಯಿತು. ಒಂದು ಮೌನವನ್ನು ಮುರಿಯಲು ಪೂರಾ ಎರಡು ವರ್ಷ ಕೊಟ್ಟಿದ್ದರು.

2017ರ ಮಳೆಗಾಲದಲ್ಲಿ ನಾನು ಸಂಘದ ಪ್ರೋಗ್ರಾಮನ್ನು 1.11ಕ್ಕೆ ಏರಿಸಿದೆ. ಎಚ್ಚರಿಕೆಗಳಿದ್ದರೆ ತೋರಿಸು ಎಂದು ಕೇಳಿ ನಡೆಸಿದಾಗ ಪರದೆಯ ತುಂಬ ಸಾಲುಗಳು ಇಳಿದವು. ಜಾಂಗೋ 2.0ರಲ್ಲಿ ತೆಗೆಯಲಾಗುವುದು, ಜಾಂಗೋ 2.0ರಲ್ಲಿ ತೆಗೆಯಲಾಗುವುದು... ಎಣಿಸಿದೆ, ಇಪ್ಪತ್ಮೂರು. ಎಲ್ಲವೂ ಒಂದೇ ಪ್ರಶ್ನೆ: ಇದು ಅಳಿದರೆ ಅದು ಏನಾಗಬೇಕು?

ಎಲ್ಲದಕ್ಕೂ ಹಳೆಯ ವಾಡಿಕೆಯನ್ನೇ ಬರೆದುಬಿಟ್ಟರೆ ಹತ್ತು ನಿಮಿಷದ ಕೆಲಸ. ಎಚ್ಚರಿಕೆ ನಿಲ್ಲುತ್ತದೆ, ಎಲ್ಲ ಮೊದಲಿನಂತೆ ನಡೆಯುತ್ತದೆ. ಕೈ ಹಾಗೆ ಮಾಡಲೂ ಹೊರಟಿತ್ತು. ಆದರೆ ಪ್ಲಾಸ್ಟಿಕ್ ಚೀಲದಿಂದ ಪಾಸ್‌ಬುಕ್ ತೆಗೆದ ಆ ಹುಡುಗಿ ಕಣ್ಣಮುಂದೆ ಬಂದಳು. ಇಪ್ಪತ್ಮೂರು ಪ್ರಶ್ನೆಗಳನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡು ಕಾರ್ಯದರ್ಶಿಯವರ ಮನೆಗೆ ಹೋದೆ. ಅವರು ಹಪ್ಪಳ ಒಣಗಿಸಲು ಬಿಸಿಲು ಕಾಯುತ್ತ ಜಗುಲಿಯಲ್ಲಿ ಕೂತಿದ್ದರು.

“ಸದಸ್ಯೆ ತೀರಿಕೊಂಡರೆ ಆಕೆಯ ಠೇವಣಿ ಏನಾಗಬೇಕು ಅಕ್ಕಾ?”

“ಏನಾಗಬೇಕು ಅಂದರೆ? ಹಾಗೆಯೇ ಇರಬೇಕು. ಮಕ್ಕಳು ಬಂದು ಕೇಳುವವರೆಗೆ ನಮ್ಮ ಹತ್ತಿರ ಇಟ್ಟದ್ದಲ್ಲವಾ ಅದು?”

“ಸಾಲ?”

“ಅದೂ ಇರಬೇಕು. ಸತ್ತರೆಂದು ಸಾಲ ಮರೆತರೆ ಜಾಮೀನು ಹಾಕಿದವಳ ಗತಿ ಏನು, ಸಂಘದ ಗತಿ ಏನು? ಮಾಫಿ ಮಾಡುವುದಾದರೆ ಸಭೆ ಮಾಡಲಿ. ಕಂಪ್ಯೂಟರ್ ಯಾರು ಮಾಫಿ ಮಾಡಲು?”

“ಸಭೆಗೆ ಬಂದ ಹಾಜರಿ?”

ಅವರು ಸ್ವಲ್ಪ ಯೋಚಿಸಿದರು. “ಬಂದಿದ್ದಳಲ್ಲ? ಬಂದದ್ದು ಬಂದದ್ದೇ. ತೆಗೆಯಬೇಡ.”

ಹಾಗೆ ಒಂದೊಂದಾಗಿ ಕೇಳುತ್ತ ಹೋದೆ. ರಸೀದಿ ಬರೆದ ಕ್ಲಾರ್ಕ್ ಕೆಲಸ ಬಿಟ್ಟುಹೋದರೆ? ಅವಳ ಹೆಸರಿನ ಜಾಗ ಖಾಲಿಯಾದರೂ ಪರವಾಗಿಲ್ಲ, ರಸೀದಿ ಉಳಿಯಬೇಕು. ಇಪ್ಪತ್ಮೂರರಲ್ಲಿ ಜತೆಗೇ ಅಳಿಯಲಿ ಎಂದು ಅವರು ಒಪ್ಪಿದ್ದು ಎರಡಕ್ಕೆ ಮಾತ್ರ. ನನಗೆ ನಾಚಿಕೆಯಾಯಿತು. ಐದು ವರ್ಷದ ಹಿಂದೆ ಇವೆಲ್ಲ ತಾಂತ್ರಿಕ ವಿಷಯ, ಅವರನ್ನೇನು ಕೇಳುವುದು ಎಂದುಕೊಂಡಿದ್ದೆ. ಅದರಲ್ಲಿ ತಾಂತ್ರಿಕವಾದದ್ದು ಏನೂ ಇರಲಿಲ್ಲ. ಸತ್ತವರಿಗೆ ಇದ್ದವರು ಏನು ಬಾಕಿ ಎಂಬ ಪ್ರಶ್ನೆ ಅದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸು ಅದಕ್ಕೆ ತಡವರಿಸದೆ ಉತ್ತರ ಹೇಳಿದ್ದರು.

ನಮ್ಮದು ಕೆಲವು ನೂರು ಸದಸ್ಯೆಯರ ಸಂಘ. ಜಗತ್ತಿನ ಕೋಟಿಗಟ್ಟಲೆ ಜನ ಬಳಸುವ ಇನ್‌ಸ್ಟಾಗ್ರಾಮ್ ಕಟ್ಟಿದ್ದೂ ಜಾಂಗೋವಿನ ಮೇಲೆಯೇ. ಅವರೂ ಹಳೆಯ ಪೈಥಾನಿನಿಂದ ಹೊಸದಕ್ಕೆ ದಾಟಬೇಕಾಗಿತ್ತು. 2017ರ ಪೈಥಾನ್ ಸಮ್ಮೇಳನದಲ್ಲಿ ಅಲ್ಲಿಯ ಎಂಜಿನಿಯರುಗಳಾದ ಲೀಸಾ ಗುವೊ ಮತ್ತು ಹುಯಿ ಡಿಂಗ್ ಆ ಕತೆ ಹೇಳಿದರು. ಬೇರೆ ಪ್ರತಿ ಮಾಡಿಕೊಂಡು ಮೂಲೆಯಲ್ಲಿ ಕೂರಲಿಲ್ಲ. ಜನ ಬಳಸುತ್ತಿದ್ದ ಹಾಗೆಯೇ, ಎಲ್ಲರೂ ಕೆಲಸ ಮಾಡುತ್ತಿದ್ದ ಆ ಒಂದೇ ಪ್ರತಿಯಲ್ಲಿ, ತುಂಡು ತುಂಡಾಗಿ ಬದಲಾಯಿಸುತ್ತ ಸುಮಾರು ಹತ್ತು ತಿಂಗಳಲ್ಲಿ ಮುಗಿಸಿದರು. ಸಂಸಾರ ನಡೆಯುತ್ತಿರುವ ಮನೆಯಲ್ಲಿ ಒಂದೊಂದೇ ಹೆಂಚು ತೆಗೆದು ಹೊಸದು ಹೊದಿಸಿದಂತೆ.

ಇಂಥ ತಾಳ್ಮೆಯ ಕೆಲಸಕ್ಕೆ ದುಡಿಯುವ ಕೈ ಬೇಕು. ಹೊಸದನ್ನು ಸೇರಿಸಲು ಉತ್ಸಾಹಿಗಳು ಬೇಕಾದಷ್ಟು ಸಿಗುತ್ತಾರೆ. ಹಳೆಯದನ್ನು ತಿಕ್ಕಿ ತೊಳೆದು ಇಡುವವರು ಸಿಗುವುದು ಕಷ್ಟ. ಮನೆಗೆಲಸ ಮಾಡಿದವರಿಗೆ ಇದು ಗೊತ್ತು. ಹೊಲೊವಾಟಿ ಮತ್ತು ಕಪ್ಲನ್-ಮಾಸ್ 2014ರ ಆರಂಭದಲ್ಲಿ ಯಜಮಾನಿಕೆ ಬಿಟ್ಟುಕೊಟ್ಟರು. ಅದೇ ವರ್ಷ ಫೌಂಡೇಶನ್ ದೇಣಿಗೆಯ ಹಣದಲ್ಲಿ ಸಂಬಳ ಕೊಟ್ಟು ಒಬ್ಬರನ್ನು ಈ ಕೆಲಸಕ್ಕೇ ಇಟ್ಟುಕೊಂಡಿತು. ಮೊದಲು ಆ ಜಾಗದಲ್ಲಿ ಕುಳಿತವರು ಟಿಮ್ ಗ್ರಹಮ್. ಆವೃತ್ತಿಗಳು ಹೇಳಿದ ತಿಂಗಳಿಗೆ ತಪ್ಪದೆ ಬರತೊಡಗಿದ್ದರ ಹಿಂದೆ ಈ ಏರ್ಪಾಡು ಇದೆ. 2023ರಲ್ಲಿ ನತಾಲಿಯಾ ಬಿಡಾರ್ಟ್, 2024ರಲ್ಲಿ ಸಾರಾ ಬಾಯ್ಸ್ ಈ ಕೆಲಸಕ್ಕೆ ಬಂದರು.

2014ರಲ್ಲಿಯೇ ಇನ್ನೊಂದು ಕೆಲಸವೂ ಆಯಿತು. ಪೋಲೆಂಡಿನ ಇಬ್ಬರು ಹೆಂಗಸರು, ಓಲಾ ಸಿತಾರ್ಸ್ಕಾ ಮತ್ತು ಓಲಾ ಸೆಂಡೆಟ್ಸ್ಕಾ, ಆ ಜುಲೈಯಲ್ಲಿ ಬರ್ಲಿನ್ ನಗರದಲ್ಲಿ ‘ಜಾಂಗೋ ಗರ್ಲ್ಸ್’ ಎಂಬ ಕಾರ್ಯಾಗಾರ ನಡೆಸಿದರು. ಪ್ರೋಗ್ರಾಮ್ ಎಂದರೆ ಏನೆಂದು ತಿಳಿಯದ ಹೆಂಗಸರನ್ನು ಕೂರಿಸಿಕೊಂಡು, ಒಂದು ಪೈಸೆ ತೆಗೆದುಕೊಳ್ಳದೆ, ಅವರ ಕೈಯಿಂದಲೇ ಒಂದು ಜಾಲತಾಣ ಕಟ್ಟಿಸುವುದು. ಅದಕ್ಕೆಂದು ಬರೆದ ಪಾಠವನ್ನು ಯಾರಾದರೂ ಓದಿಕೊಳ್ಳಲಿ ಎಂದು ತೆರೆದಿಟ್ಟರು. ದೇಶದೇಶಗಳಲ್ಲಿ ಅಂಥ ಕಾರ್ಯಾಗಾರಗಳು ನಡೆದಿವೆ. ನಮ್ಮ ಕ್ಲಾರ್ಕ್ ಆ ಪಾಠವನ್ನು ಸಂಜೆಸಂಜೆ ಓದಿ, ನನ್ನನ್ನು ಕೇಳಿ ಕೇಳಿ ಕಲಿತಳು. ಈಗ ಅವಳಿಗೆ, ಹೌದು ಒತ್ತುವ ಮೊದಲು ಪಟ್ಟಿಯನ್ನು ಏಕೆ ಓದಬೇಕು ಎಂದು ಯಾರೂ ಹೇಳಬೇಕಾಗಿಲ್ಲ.

2.0ರಲ್ಲಿ ಇನ್ನೊಂದು ಬದಲಾವಣೆಯೂ ಇತ್ತು. ಜಾಲತಾಣದ ವಿಳಾಸಗಳನ್ನು ಬರೆಯುವ ಸುಲಭದ ಹೊಸ ರೀತಿ ತಂದರು. ಹಳೆಯ ಕಷ್ಟದ ರೀತಿಯನ್ನೂ ಉಳಿಸಿದರು. ಹಳೆಯ ಹೆಸರಿಗೆ ಎಚ್ಚರಿಕೆ ಶುರುವಾದದ್ದು 2020ರ ಆಗಸ್ಟಿನ 3.1ರಲ್ಲಿ, ಆ ಹೆಸರನ್ನು ತೆಗೆದದ್ದು 2021ರ ಡಿಸೆಂಬರಿನ 4.0ರಲ್ಲಿ. ನಾಲ್ಕು ವರ್ಷ ಎರಡೂ ಒಂದೇ ಮನೆಯಲ್ಲಿದ್ದವು. ಪೈಥಾನ್ 2ರಲ್ಲೇ ಉಳಿದವರಿಗೆ 1.11 ಇತ್ತು; ಅದನ್ನು 2020ರ ಏಪ್ರಿಲ್‌ವರೆಗೆ ಕಾಪಾಡಿದರು. ಆಮೇಲೆ ನಿಲ್ಲಿಸಿದರು. ಎಂದಾದರೂ ನಿಲ್ಲಿಸಲೇಬೇಕು. ಎಲ್ಲ ಹಳೆಯದನ್ನೂ ಎದೆಗವಚಿಕೊಂಡಿದ್ದರೆ ಅಟ್ಟ ಕುಸಿಯುತ್ತದೆ. ನಿಲ್ಲಿಸಿದ್ದಕ್ಕೆ ಯಾರೂ ಅವರನ್ನು ಕಟುಕರೆನ್ನಲಾರರು. ಐದು ವರ್ಷದ ಹಿಂದೆಯೇ ದಿನ ಹೇಳಿದ್ದರು.

ಹೊಸ ಆವೃತ್ತಿ ಎಂದರೆ ಅದರಲ್ಲಿ ಏನೇನು ಹೊಸತು ಎಂದು ಕೇಳುವುದು ನಮಗೆಲ್ಲ ರೂಢಿ. ಅದನ್ನು ಯೋಜಿಸುವವರ ಹಾಳೆಯಲ್ಲಿ ಅದಕ್ಕಿಂತ ಉದ್ದದ ಇನ್ನೊಂದು ಪಟ್ಟಿ ಇರುತ್ತದೆ. ಏನನ್ನು ತೆಗೆಯಬೇಕು, ಅದರ ಮೇಲೆ ಯಾರು ಒರಗಿ ಕೂತಿದ್ದಾರೆ, ಅವರಿಗೆ ಎಷ್ಟು ದಿನ ಮುಂಚೆ ಹೇಳಬೇಕು? ಈ ಮೂರನ್ನು ಕೇಳಿಕೊಂಡು ತೆಗೆದರೆ ಜನ ನಮ್ಮೊಡನೆ ಬರುತ್ತಾರೆ. ಕೇಳದೆ ತೆಗೆದರೆ, ಕಟ್ಟಿದ್ದು ಎಷ್ಟೇ ಚೆಂದವಿದ್ದರೂ ನನ್ನಜ್ಜಿಯ ಹೊಸ ಅಡುಗೆಮನೆಯಾಗುತ್ತದೆ.

ನಮ್ಮ ಸಂಘದ ಪ್ರೋಗ್ರಾಮ್ ಈಗ 5.2ರ ಮೇಲೆ ಇದೆ. 2025ರ ಏಪ್ರಿಲಿನಲ್ಲಿ ಬಂದ, ಮೂರು ವರ್ಷ ಕಾಪಾಡುವ ಆವೃತ್ತಿ ಅದು. ಸದಸ್ಯೆಯರ ಪಟ್ಟಿಯಲ್ಲಿ ಯಾರ ಹೆಸರನ್ನೂ ಈಗ ಅಳಿಸುವುದಿಲ್ಲ. ತೀರಿಕೊಂಡವರ ಹೆಸರಿನ ಮುಂದೆ ಒಂದು ದಿನಾಂಕ ಬರುತ್ತದೆ, ಅಷ್ಟೆ. ಅಂದು ಅಳಿಸಿಹೋಗಿದ್ದ ಆ ತಾಯಿಯ ಹೆಸರೂ ಅಲ್ಲಿದೆ. ಲೆಡ್ಜರಿನಿಂದ ನಾವು ಮತ್ತೆ ತುಂಬಿದ ಕಂತುಗಳೂ ಇವೆ. ಅದರ ಕೆಳಗೆ ಕೆಲವು ಸಾಲು ಬಿಟ್ಟು ಅವಳ ಮಗಳ ಹೆಸರಿದೆ. ಹಣ ತೆಗೆದುಕೊಂಡು ಹೋದ ಹುಡುಗಿ ಮರುವರ್ಷ ಬಂದು ಸದಸ್ಯೆಯಾದಳು. ತಿಂಗಳ ಮೊದಲ ವಾರ ತಪ್ಪದೆ ಬಂದು ಕಟ್ಟುತ್ತಾಳೆ. ರಸೀದಿ ಕೈಗೆ ಬಂದ ಮೇಲೂ, ಕ್ಲಾರ್ಕಿನ ಬದಿಗೆ ಬಗ್ಗಿ, ಪರದೆಯ ಮೇಲೆ ತನ್ನ ಹೆಸರು ಇದೆಯೇ ಎಂದು ಒಮ್ಮೆ ನೋಡಿಕೊಂಡೇ ಹೋಗುತ್ತಾಳೆ.